ಯಂತ್ರಾಗಾರದ ಕೀಲಿಕೈ ಯಾರ ವಶದಲ್ಲಿರಬೇಕು?

ಕಾವೇರಿಯ ನೀರು ಬೆಂಗಳೂರಿಗೆ ತಾನಾಗಿ ಹರಿದು ಬರತಕ್ಕದ್ದಲ್ಲ; ಅದನ್ನು ಎತ್ತಿ ತರಬೇಕಾಗಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಒಂದು ಸಾರೆ, ಹಾರೋಹಳ್ಳಿಯಲ್ಲಿ ಇನ್ನೊಂದು ಸಾರೆ, ತಾತಗುಣಿಯಲ್ಲಿ ಮತ್ತೊಂದು ಸಾರೆ, ಹೀಗೆ ಮೂರು ಮಜಲುಗಳಲ್ಲಿ ಪಂಪುಗಳು ಆ ನೀರನ್ನು ಸುಮಾರು ೫೦೦ ಮೀಟರುಗಳಷ್ಟು ಮೇಲಕ್ಕೆ ನೂಕಿ, ಸುಮಾರು ೧೦೦ ಕಿಲೋಮೀಟರುಗಳ ಆಚೆಗಿರುವ ರಾಜಧಾನಿಗೆ ಮುಟ್ಟಿಸುತ್ತವೆ. ೨೦೨೪ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಐದನೆಯ ಹಂತದ ಯೋಜನೆಯು ಉದ್ಘಾಟನೆಯಾಗಿ, ದಿನವೊಂದಕ್ಕೆ ೭೭೫ ದಶಲಕ್ಷ ಲೀಟರು ನೀರನ್ನು ತರುವ ಸಾಮರ್ಥ್ಯವು ಹೆಚ್ಚಾಗಿ ಸೇರಿತು. ಕೊಳವೆಯ ಗಾತ್ರವೆಷ್ಟು, ಪಂಪಿನ ಬಲವೆಷ್ಟು, ಸಾಲವೆಷ್ಟು, ಬಡ್ಡಿಯೆಷ್ಟು ಎಂಬ ಚರ್ಚೆಗಳು ಇಂತಹ ಕಾಮಗಾರಿಗಳ ವಿಷಯದಲ್ಲಿ ಯಾವಾಗಲೂ ನಡೆಯುತ್ತವೆ, ನಡೆಯಲೂಬೇಕು. ಆದರೆ ಈ ಪಂಪುಗಳನ್ನು ನಡೆಯಿಸತಕ್ಕ ಕೊಠಡಿಯಲ್ಲಿ ಕುಳಿತ ಮನುಷ್ಯನು ಯಾವ ತೆರೆಯನ್ನು ನೋಡಿಕೊಂಡು, ಯಾವ ಗುಂಡಿಯನ್ನು ಒತ್ತುತ್ತಾನೆ, ಆ ತೆರೆಯ ಒಡೆಯನು ಯಾರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ದಿನ ನಾವು ಅದೇ ಪ್ರಶ್ನೆಯನ್ನು ಮಹಾಜನರ ಮುಂದೆ ಇಡಲು ಬಯಸುತ್ತೇವೆ.

ಇದು ಒಂದು ನಗರದ ಅಥವಾ ಒಂದು ಯೋಜನೆಯ ಮಾತಲ್ಲ. ಕೃಷ್ಣೆಯ ನಾರಾಯಣಪುರ ಎಡದಂಡೆ ಕಾಲುವೆಯ ತೂಬುಗಳಿಗೆ ಈ ಬಗೆಯ ದೂರನಿಯಂತ್ರಣವು ಬಂದಿದೆ. ಹಾಲಿನ ಡೇರಿಗಳಿಗೆ, ಸಕ್ಕರೆಯ ಕಾರಖಾನೆಗಳಿಗೆ, ಸಿಮೆಂಟಿನ ಗಿರಣಿಗಳಿಗೆ, ವಿದ್ಯುತ್ತಿನ ಸ್ಥಾವರಗಳಿಗೆ ಅದು ಬಂದು ಎಷ್ಟೋ ವರ್ಷಗಳಾದುವು. ಇನ್ನು ಮುಂದೆ ಸಣ್ಣ ಸಣ್ಣ ಪುರಸಭೆಗಳೂ, ಪೀಣ್ಯದ ಸಣ್ಣ ಕಾರಖಾನೆಗಳೂ, ಬೆಳಗಾವಿಯ ಎರಕದ ಕೆಲಸದವರೂ ಇದನ್ನೇ ಕೊಳ್ಳಬೇಕಾಗಿದೆ. ಆದುದರಿಂದ ಕೊಳ್ಳುವ ಮುನ್ನವೇ ಆಲೋಚಿಸುವುದು ವಿಹಿತ. ಕೋಟೆ ಸೂರೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದ ಗಾದೆಯು ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ವಾಚಕರಲ್ಲಿ ಹಲವರಿಗೆ ಈ ವಿಷಯವು ಅಪರಿಚಿತವಾಗಿರಬಹುದಾದ ಕಾರಣ ಎರಡು ಮಾತುಗಳಲ್ಲಿ ವಿವರಿಸುವೆವು. ಹಳ್ಳಿಯ ಕೆರೆಯ ತೂಬನ್ನು ತೆರೆದು ಮುಚ್ಚುವವನು ನೀರಗಂಟಿ. ಕಾರಖಾನೆಯಲ್ಲಿ ಆ ಕೆಲಸವನ್ನು ಪಿ.ಎಲ್.ಸಿ. ಎಂಬ ಸಣ್ಣ ಗಣಕಪೆಟ್ಟಿಗೆಯು ಮಾಡುತ್ತದೆ; ಒತ್ತಡ, ಉಷ್ಣ, ನೀರಿನ ಮಟ್ಟಗಳನ್ನು ಅಳೆದು, ತನಗೆ ವಿಧಿಸಿದಂತೆ ಮೋಟಾರನ್ನು ನಡೆಯಿಸುತ್ತದೆ, ವಾಲ್ವನ್ನು ತಿರುಗಿಸುತ್ತದೆ. ಆ ಪೆಟ್ಟಿಗೆಯೊಡನೆ ಮನುಷ್ಯನು ಮಾತನಾಡುವುದಕ್ಕಾಗಿ ಯಂತ್ರದ ಮಗ್ಗುಲಲ್ಲಿಯೇ ಇಟ್ಟ ಫಲಕವು ಎಚ್.ಎಂ.ಐ. ಎನಿಸಿಕೊಳ್ಳುತ್ತದೆ. ಇಂತಹ ಹತ್ತು, ನೂರು ಪೆಟ್ಟಿಗೆಗಳು ಹತ್ತಾರು ಹರದಾರಿಗಳ ಅಂತರದಲ್ಲಿ ಹರಡಿರುವಾಗ, ಅವೆಲ್ಲವುಗಳ ಸುದ್ದಿಯನ್ನು ಒಂದೆಡೆಗೆ ತರಿಸಿ, ಕಡತದಲ್ಲಿ ಬರೆದಿಟ್ಟು, ಅಲ್ಲಿಂದಲೇ ಆಜ್ಞೆಯನ್ನು ಕಳುಹಿಸತಕ್ಕ ಮೇಲ್ವಿಚಾರಣೆಯ ಏರ್ಪಾಡಿಗೆ ಸ್ಕಾಡಾ ಎಂದು ಹೆಸರು. ಪಿ.ಎಲ್.ಸಿ. ನೀರಗಂಟಿಯಾದರೆ ಸ್ಕಾಡಾ ಶಾನುಭೋಗ. ನೀರಗಂಟಿಯು ಒಂದು ದಿನ ತಪ್ಪಿದರೆ ಒಂದು ಗದ್ದೆಗೆ ನಷ್ಟ. ಶಾನುಭೋಗನ ಕಡತವೇ ಸುಳ್ಳಾದರೆ ಊರಿಗೆ ಊರೇ ಕೆಡುವುದು.

ಆದರೂ ಈ ಶಾನುಭೋಗನನ್ನು ನಾವು ಆರಿಸಿಕೊಳ್ಳುವ ರೀತಿಯಾದರೂ ಎಂತಹದು? ಕಟ್ಟಡ, ಕೊಳವೆ, ಪಂಪು, ವಿದ್ಯುತ್ತು ಎಲ್ಲಕ್ಕೂ ಸೇರಿಸಿ ಒಂದು ಟೆಂಡರನ್ನು ಕರೆಯುವರು. ಅತ್ಯಂತ ಕಡಿಮೆ ದರವನ್ನು ಹೇಳಿದ ಗುತ್ತಿಗೆದಾರನು ಬರುವನು. ಮೇಲ್ವಿಚಾರಣೆಯ ಏರ್ಪಾಡು ಒಟ್ಟು ವೆಚ್ಚದ ಸಣ್ಣದೊಂದು ಅಂಶವಾದ್ದರಿಂದ ಅದರ ಆಯ್ಕೆಯು ಅವನ ಇಷ್ಟಕ್ಕೆ ಬಿಟ್ಟುಹೋಗುವುದು; ಅವನಾದರೋ ತನ್ನ ಉಪಗುತ್ತಿಗೆದಾರನಿಗೆ ಯಾವುದು ಅಗ್ಗವೋ, ಯಾವುದು ಅಭ್ಯಾಸವೋ ಅದನ್ನು ಹಾಕಿ ಹೊರಟುಹೋಗುವನು. ಪಂಪು ಕೆಟ್ಟರೆ ಬೇರೊಬ್ಬರಿಂದ ಪಂಪನ್ನು ತರಬಹುದು. ಆದರೆ ಈ ಏರ್ಪಾಡು ಒಮ್ಮೆ ಬೇರೂರಿತೆಂದರೆ ಹದಿನೈದು ಇಪ್ಪತ್ತು ವರ್ಷಗಳ ವರೆಗೆ ಅದರ ಋಣವು ತೀರುವುದಿಲ್ಲ. ಬೆಲೆಯಲ್ಲಿ ಕನಿಷ್ಠವಾದುದು ಬಂಧನದಲ್ಲಿ ಗರಿಷ್ಠವಾಗುವ ಈ ವಿಚಿತ್ರವನ್ನು ನಮ್ಮ ಅಧಿಕಾರಿಗಳು ಗಮನಿಸಬೇಕೆಂಬುದೇ ಈ ಲೇಖನದ ತಾತ್ಪರ್ಯ.

ಹಾಗಾದರೆ ಯಾವ ಒರೆಗಲ್ಲಿಗೆ ತಿಕ್ಕಿ ನೋಡಬೇಕು? ತೆರೆಯು ಸತ್ಯವನ್ನು ಹೇಳುತ್ತದೆಯೇ ಎಂಬುದು ಮೊದಲನೆಯದು. ೧೯೭೯ನೆಯ ಇಸವಿಯ ಮಾರ್ಚ್ ೨೮ರಂದು ಅಮೆರಿಕೆಯ ಥ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಒಂದು ವಾಲ್ವು ತೆರೆದುಕೊಂಡು ಮುಚ್ಚದೆ ಸಿಕ್ಕಿಕೊಂಡಿತು. ಫಲಕದ ಮೇಲಣ ದೀಪವಾದರೋ ಆರಿತ್ತು. ಆರಿದ್ದರೆ ವಾಲ್ವು ಮುಚ್ಚಿದೆಯೆಂದು ನೌಕರರು ತಿಳಿದರು. ಆದರೆ ಆ ದೀಪವು ವಾಲ್ವಿಗೆ ‘ಮುಚ್ಚು’ ಎಂಬ ಆಜ್ಞೆಯು ಹೋಯಿತೆಂಬುದನ್ನು ಮಾತ್ರ ತೋರಿಸುತ್ತಿತ್ತೇ ಹೊರತು, ವಾಲ್ವು ನಿಜವಾಗಿ ಮುಚ್ಚಿತೇ ಎಂಬುದನ್ನಲ್ಲ. ಎರಡು ಗಂಟೆಗಳಿಗೂ ಮೇಲ್ಪಟ್ಟು ನೀರು ಸೋರಿಹೋಗಿ ಇಂಧನವು ಕರಗಿತು. ಆಜ್ಞೆ ಬೇರೆ, ಆಚರಣೆ ಬೇರೆ ಎಂಬುದನ್ನು ನಮ್ಮ ಕಚೇರಿಗಳ ವ್ಯವಹಾರವನ್ನು ಬಲ್ಲ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಯಂತ್ರದ ತೆರೆಯನ್ನು ರಚಿಸುವ ಪಂಡಿತರಿಗೆ ಮಾತ್ರ ಹೇಳಬೇಕಾಗಿದೆ. ಆದುದರಿಂದ ಕೊಳ್ಳುವವರು ಮೊದಲು ಕೇಳಬೇಕಾದುದು ಇದು: ತೆರೆಯ ಮೇಲೆ ‘ತೂಬು ಮುಚ್ಚಿದೆ’ ಎಂದು ಕಂಡಾಗ, ತೂಬಿನ ಬಳಿ ಅದನ್ನು ಅಳೆದು ನೋಡಿದ ಸಾಕ್ಷಿ ಇದೆಯೇ?

ಎರಡನೆಯ ಒರೆಗಲ್ಲು ಅಲಾರಮು. ೧೯೯೪ನೆಯ ಇಸವಿಯ ಜುಲೈ ೨೪ರಂದು ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಗಿ ೨೬ ಜನರು ಗಾಯಗೊಂಡರು. ಅದಕ್ಕೆ ಮುಂಚಿನ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ನೌಕರರ ಮುಂದೆ ೨೭೫ ಅಲಾರಮುಗಳು ಕೂಗಿದ್ದುವು. ಎರಡೂವರೆ ಸೆಕೆಂಡಿಗೆ ಒಂದರಂತೆ ಕೂಗಿದರೆ ಬ್ರಹ್ಮನಿಗೂ ಯಾವುದು ಮುಖ್ಯವೆಂದು ತಿಳಿಯದು. ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ೨೦೦೩ನೆಯ ಇಸವಿಯ ಆಗಸ್ಟ್ ೧೪ರ ಮಧ್ಯಾಹ್ನ ಅಮೆರಿಕೆಯ ಒಹಾಯೋ ಸಂಸ್ಥಾನದ ಒಂದು ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ, ತಂತ್ರಾಂಶದೊಳಗೆ ಅಡಗಿದ್ದ ದೋಷದಿಂದ ಅಲಾರಮೇ ಮೂಕವಾಯಿತು. ಮೂಕವಾದುದು ಕೂಡ ಯಾರಿಗೂ ತಿಳಿಯಲಿಲ್ಲ. ತಂತಿಗಳು ಒಂದೊಂದಾಗಿ ಬೀಳುತ್ತಿದ್ದರೂ ಎಲ್ಲವೂ ಕ್ಷೇಮವೆಂದು ಅವರು ಕುಳಿತಿದ್ದರು. ಎರಡು ಗಂಟೆಗಳೊಳಗಾಗಿ ಅಮೆರಿಕ ಕೆನಡಾಗಳ ಸುಮಾರು ಐದು ಕೋಟಿ ಜನರು ಕತ್ತಲೆಯಲ್ಲಿ ಮುಳುಗಿದರು. ಅತಿಯಾಗಿ ಕೂಗುವ ಕಾವಲುಗಾರನೂ, ಕೂಗದೆ ಸಾಯುವ ಕಾವಲುಗಾರನೂ ಸಮಾನವಾಗಿ ಅಪಾಯಕರರು. ನೆಮ್ಮದಿಯಾಗಿ ನಡೆಯುತ್ತಿರುವ ಸ್ಥಾವರದಲ್ಲಿ ಒಬ್ಬ ನೌಕರನಿಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಮು ಬರಬಾರದೆಂದು ಈ ವಿಷಯವನ್ನು ಬಲ್ಲ ಸಂಸ್ಥೆಗಳು ಮಾನದಂಡವನ್ನು ಹಾಕಿಕೊಟ್ಟಿವೆ. ನಮ್ಮ ಟೆಂಡರುಗಳಲ್ಲಿ ಈ ಒಂದು ಸಾಲು ಏಕೆ ಇರಬಾರದು?

ಇದೇ ಸಂದರ್ಭದಲ್ಲಿ ತೆರೆಯ ಅಲಂಕಾರದ ವಿಷಯವಾಗಿಯೂ ಒಂದು ಮಾತು. ಮಾರಾಟಗಾರರು ತಂದು ತೋರಿಸುವ ತೆರೆಗಳಲ್ಲಿ ತಿರುಗುವ ಪಂಪುಗಳು, ಹೊಳೆಯುವ ಕೊಳವೆಗಳು, ಕಾಮನಬಿಲ್ಲಿನ ಬಣ್ಣಗಳು ಇರುತ್ತವೆ. ಉದ್ಘಾಟನೆಗೆ ಬಂದ ಮಂತ್ರಿಗಳಿಗೆ ಅದು ರಮಣೀಯವಾಗಿ ಕಾಣಬಹುದು. ಆದರೆ ರಾತ್ರಿಯ ಪಾಳಿಯಲ್ಲಿ ಮೂರು ಗಂಟೆಗೆ ಎಚ್ಚತ್ತು ಕುಳಿತ ನೌಕರನಿಗೆ ಬೇಕಾದುದು ಬೇರೆ. ಎಲ್ಲವೂ ಸರಿಯಾಗಿರುವಾಗ ತೆರೆಯು ಬೂದುಬಣ್ಣದಲ್ಲಿ ಶಾಂತವಾಗಿರಬೇಕು. ಕೆಟ್ಟುದು ಮಾತ್ರ ಕೆಂಪಾಗಿ ಕಾಣಬೇಕು. ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕುವಂತೆ ಬಣ್ಣಗಳ ನಡುವೆ ದೋಷವನ್ನು ಹುಡುಕಬೇಕಾಗಿ ಬಂದರೆ ಆ ತೆರೆಯು ಇದ್ದೂ ಇಲ್ಲದಂತೆ.

ಮೂರನೆಯದು ಅಳತೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು. ಒಂದೇ ಬಾಯಿಲರನ್ನು ಇಟ್ಟುಕೊಂಡ ಅಕ್ಕಿಯ ಗಿರಣಿಗೆ ಸಣ್ಣದೊಂದು ಫಲಕವೇ ಸಾಕು. ಅದಕ್ಕೆ ಸರ್ವರು, ಕಡತಕೋಶ, ವಾರ್ಷಿಕ ಲೈಸೆನ್ಸು ಎಂಬ ಆನೆಯನ್ನು ಕಟ್ಟಿಕೊಟ್ಟರೆ ಮೇವಿಗೆ ಗತಿಯಿಲ್ಲ. ಹಾಗೆಯೇ ನಲವತ್ತು ಕೊಳವೆಬಾವಿಗಳನ್ನೂ ಎಂಟು ಮೇಲ್ತೊಟ್ಟಿಗಳನ್ನೂ ಹೊಂದಿದ ಪುರಸಭೆಯು ಬಿಡಿ ಫಲಕಗಳಲ್ಲಿಯೇ ಕಾಲಕಳೆದರೆ ನೀರು ಎಲ್ಲಿ ಸೋರುತ್ತಿದೆಯೆಂಬುದು ಎಂದಿಗೂ ತಿಳಿಯದು. ಇನ್ನೊಂದು ಮರ್ಮವನ್ನೂ ಗಮನಿಸಬೇಕು. ಇಂತಹ ತಂತ್ರಾಂಶಗಳಲ್ಲಿ ಅನೇಕವನ್ನು ‘ಟ್ಯಾಗು’ಗಳ, ಎಂದರೆ ಅಳೆಯುವ ಅಂಶಗಳ, ಸಂಖ್ಯೆಯ ಮೇಲೆ ಮಾರುತ್ತಾರೆ. ಇಂದು ಐನೂರಕ್ಕೆ ಬೆಲೆಯನ್ನು ಅಗ್ಗವಾಗಿ ಹೇಳುವರು. ನಾಳೆ ಊರು ಬೆಳೆದು ಇನ್ನೊಂದು ತೊಟ್ಟಿಯನ್ನು ಕಟ್ಟಿದಾಗ ಐನೂರ ಒಂದನೆಯ ಟ್ಯಾಗಿಗೆ ಮುಂದಿನ ದರ್ಜೆಯ ಬೆಲೆಯನ್ನು ಪೂರ್ತಿಯಾಗಿ ಕೇಳುವರು. ಆದುದರಿಂದ ಇಂದಿನ ಬೆಲೆಯನ್ನಲ್ಲ, ಹದಿನೈದು ವರ್ಷಗಳ ಒಟ್ಟು ಬೆಲೆಯನ್ನು ಬರೆಯಿಸಿಕೊಂಡು ಹೋಲಿಸಬೇಕು.

ನಾಲ್ಕನೆಯದು, ನಮ್ಮ ಅಭಿಪ್ರಾಯದಲ್ಲಿ ಸರ್ವಪ್ರಧಾನವಾದುದು, ಕೀಲಿಕೈ. ನಮ್ಮ ಅಚ್ಚುಕೂಟದ ಮುದ್ರಣಯಂತ್ರಕ್ಕೂ ಇಂತಹದೊಂದು ಫಲಕವಿದೆ. ಅದರ ಒಂದು ಅಂಕೆಯನ್ನು ಬದಲಿಸಬೇಕಾಗಿ ಬಂದಾಗ, ಯಂತ್ರವು ನಮ್ಮದಾದರೂ ಪಾಸ್‌ವರ್ಡು ತಮ್ಮದೆಂದು ಮಾರಿದವರು ಹೇಳಿದರು. ಅವರ ಮನುಷ್ಯನು ಬರುವ ವರೆಗೆ ಮೂರು ದಿನ ನಾವು ಪತ್ರಿಕೆಯನ್ನು ನಿಧಾನಗತಿಯಲ್ಲಿಯೇ ಅಚ್ಚುಮಾಡಬೇಕಾಯಿತು. ಒಂದು ಪತ್ರಿಕೆಯು ಎರಡು ಗಂಟೆ ತಡವಾದರೆ ಲೋಕವೇನೂ ಮುಳುಗದು. ಆದರೆ ಒಂದು ಊರಿನ ಕುಡಿಯುವ ನೀರಿಗೂ ಇದೇ ಗತಿಯಾದರೆ? ಪಿ.ಎಲ್.ಸಿ.ಯೊಳಗೆ ಬರೆದ ಕ್ರಮ, ತೆರೆಯನ್ನು ರಚಿಸಿದ ಮೂಲಕಡತ, ಎಲ್ಲ ಪಾಸ್‌ವರ್ಡುಗಳು, ಲೈಸೆನ್ಸಿನ ಪತ್ರಗಳು ಇವೆಲ್ಲವೂ ಕೊಂಡವರ ಹೆಸರಿನಲ್ಲಿ, ಕೊಂಡವರ ಪೆಟ್ಟಿಗೆಯಲ್ಲಿ ಇರತಕ್ಕದ್ದು. ಇವನ್ನು ಒಪ್ಪಿಸದ ಗುತ್ತಿಗೆದಾರನಿಗೆ ಕೊನೆಯ ಕಂತಿನ ಹಣವನ್ನು ಕೊಡಕೂಡದು. ಮನೆಯನ್ನು ಕಟ್ಟಿಸಿಕೊಂಡು ಬಾಗಿಲಿನ ಬೀಗದಕೈಯನ್ನು ಮೇಸ್ತ್ರಿಯ ಸೊಂಟದಲ್ಲಿಯೇ ಬಿಡುವ ಗೃಹಸ್ಥನನ್ನು ನಾವು ಎಲ್ಲಿಯೂ ಕಂಡಿಲ್ಲ.

ಕೀಲಿಕೈಯ ಇನ್ನೊಂದು ರೂಪವೇ ಭಾಷೆ. ಯಂತ್ರವು ಯಂತ್ರದೊಡನೆ ಆಡುವ ಭಾಷೆ. ಒಬ್ಬ ತಯಾರಕನ ಪೆಟ್ಟಿಗೆಯು ಅವನ ತೆರೆಯೊಡನೆ ಮಾತ್ರ ಮಾತನಾಡುವಂತಿದ್ದರೆ, ಆಮೇಲೆ ಅವನು ಹೇಳಿದ್ದೇ ಬೆಲೆ, ನಡೆದದ್ದೇ ದಾರಿ. ೧೯೭೯ರಲ್ಲಿ ಪ್ರಕಟವಾದ ಮೋಡ್‌ಬಸ್ ಎಂಬ ಸರಳವಾದ ಪದ್ಧತಿಯು ಇಂದಿಗೂ ಎಲ್ಲೆಡೆಯಲ್ಲಿಯೂ ನಡೆಯುತ್ತಿರುವುದು ಅದು ಯಾರೊಬ್ಬರ ಮನೆಯ ಗುಟ್ಟಾಗಿ ಉಳಿಯಲಿಲ್ಲವೆಂಬುದರಿಂದ. ಈಗ ಓ.ಪಿ.ಸಿ. ಯು.ಎ. ಎಂಬುದು ಅಂತರರಾಷ್ಟ್ರೀಯ ಪ್ರಮಾಣವಾಗಿ ನಿಂತಿದೆ. ಗೂಢಲಿಪಿಯ ರಕ್ಷಣೆಯೂ ಅದರಲ್ಲಿ ಉಂಟು. ಇಂತಹ ತೆರೆದ ಪದ್ಧತಿಗಳನ್ನೇ ಕಡ್ಡಾಯಮಾಡಬೇಕು. ಆಯುಸ್ಸಿನ ಪ್ರಶ್ನೆಯನ್ನೂ ಮರೆಯಕೂಡದು. ಪಂಪು ಇಪ್ಪತ್ತು ವರ್ಷ ನಡೆದೀತು. ಆದರೆ ತೆರೆಯ ಕೆಳಗೆ ಕುಳಿತ ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲಿಯೂ, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರಿನಲ್ಲಿಯೂ ತಯಾರಕರ ಸಾಮಾನ್ಯ ಆಸರೆಯು ಮುಗಿಯಿತು. ಅವುಗಳ ಮೇಲೆ ಮಾತ್ರ ನಡೆಯಬಲ್ಲ ಮೇಲ್ವಿಚಾರಣೆಯನ್ನು ಕೊಂಡವರು, ಕಟ್ಟಡವು ಗಟ್ಟಿಯಾಗಿದ್ದರೂ ತಳಹದಿಯನ್ನು ಕಳೆದುಕೊಂಡವರಂತೆ ಆಗುವರು.

ಐದನೆಯದಾಗಿ ಕನ್ನಡ. ಮಂಡ್ಯದ ಜಲಾಗಾರದಲ್ಲಿ, ಬಿಜಾಪುರದ ಪಂಪುಮನೆಯಲ್ಲಿ ರಾತ್ರಿಯೆಲ್ಲ ಎಚ್ಚತ್ತಿರುವವನು ಕನ್ನಡ ಶಾಲೆಯಲ್ಲಿ ಓದಿದವನು. ಅವನ ಮುಂದೆ ‘ಲೋ ಸಕ್ಷನ್ ಪ್ರೆಶರ್ ಟ್ರಿಪ್’ ಎಂದು ಇಂಗ್ಲಿಷಿನಲ್ಲಿ ಮಿನುಗಿದರೆ ಅವನು ಇಂಜಿನಿಯರನಿಗೆ ಫೋನುಮಾಡುವನು. ‘ಹೀರುಕೊಳವೆಯಲ್ಲಿ ಒತ್ತಡ ಇಳಿದು ಪಂಪು ನಿಂತಿದೆ’ ಎಂದು ಕಂಡರೆ ತಾನೇ ಎದ್ದುಹೋಗಿ ವಾಲ್ವನ್ನು ನೋಡುವನು. ಅಪಾಯದ ಗಳಿಗೆಯಲ್ಲಿ ಮನುಷ್ಯನಿಗೆ ಮೊದಲು ತಿಳಿಯುವುದು ಮನೆಯ ಮಾತು. ಯುನಿಕೋಡ್ ಎಂಬ ಜಗತ್ತಿನ ಅಕ್ಷರಕೋಶದಲ್ಲಿ ಕನ್ನಡವು ೧೯೯೧ರಿಂದಲೂ ಇದೆ. ಆದಕಾರಣ ಆಗದೆಂಬ ನೆಪವು ಈಗ ಸಲ್ಲದು. ಕೊಳ್ಳುವ ಮುನ್ನ ‘ಕ್ಷ’, ‘ಸ್ತ್ರೀ’, ‘ಒತ್ತಡ’, ‘ವಿದ್ಯುತ್ತು’ ಎಂಬ ಮಾತುಗಳನ್ನು ಆ ಫಲಕದ ಮೇಲೆ ಬರೆಯಿಸಿ, ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆಯೇ ಎಂದು ಕಣ್ಣಾರೆ ನೋಡಿದರೆ ಸಾಕು. ಐದು ನಿಮಿಷದ ಪರೀಕ್ಷೆ. ಆದರೆ ಪಂಪು, ವಾಲ್ವು, ಮೋಟಾರು ಎಂಬ ಮಾತುಗಳು ನಮ್ಮವೇ ಆಗಿಹೋಗಿವೆ. ಅವುಗಳನ್ನು ಸಂಸ್ಕೃತದ ದೀರ್ಘಸಮಾಸಗಳಲ್ಲಿ ಹೂತು, ಕನ್ನಡವೂ ತಿಳಿಯದಂತೆ ಮಾಡುವ ಪಾಂಡಿತ್ಯವು ಬೇಡ.

ಆರನೆಯದು ರಕ್ಷಣೆ. ೨೦೧೦ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಗಣಕಕ್ರಿಮಿಯು ಇರಾನದ ನತಾಂಜ್‌ನ ಯಂತ್ರಗಳನ್ನು ಕೆಡಿಸುತ್ತ, ನೌಕರರ ತೆರೆಗೆ ಮಾತ್ರ ಮೊದಲೇ ಹಿಡಿದಿಟ್ಟ ಸುಸ್ಥಿತಿಯ ಅಂಕೆಗಳನ್ನು ತೋರಿಸುತ್ತಿತ್ತು. ಆ ಕ್ರಿಮಿಯು ಹರಡಿದ್ದ ದೇಶಗಳಲ್ಲಿ ಭಾರತವೂ ಒಂದು. ೨೦೧೫ನೆಯ ಇಸವಿಯ ಡಿಸೆಂಬರ್ ೨೩ರಂದು ಯುಕ್ರೇನಿನ ವಿದ್ಯುತ್ ಕಂಪನಿಗಳ ನೌಕರರು ನೋಡುತ್ತಿದ್ದಂತೆಯೇ ತೆರೆಯ ಮೇಲಣ ಬಾಣವು ತಾನಾಗಿ ಓಡಾಡಿ ಒಂದೊಂದೇ ಸ್ವಿಚ್ಚನ್ನು ಆರಿಸಿತು; ದೂರದ ಶತ್ರುಗಳು ಅವರ ತೆರೆಯನ್ನೇ ಅವರ ಮೇಲೆ ತಿರುಗಿಸಿದ್ದರು. ಸುಮಾರು ೨,೨೫,೦೦೦ ಗ್ರಾಹಕರಿಗೆ ಬೆಳಕು ಹೋಯಿತು. ಆದರೆ ಕೆಲವೇ ಗಂಟೆಗಳಲ್ಲಿ ಬೆಳಕು ಮರಳಿತು. ಏಕೆಂದರೆ ಅಲ್ಲಿಯ ಜನರು ಗಾಡಿಗಳಲ್ಲಿ ಉಪಕೇಂದ್ರಗಳಿಗೆ ಓಡಿ, ಕೈಯಿಂದಲೇ ಸ್ವಿಚ್ಚುಗಳನ್ನು ಹಾಕಿದರು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಕಾರಖಾನೆಯ ಜಾಲವನ್ನು ಕಚೇರಿಯ ಜಾಲದಿಂದಲೂ, ಹೊರಗಿನ ಇಂಟರ್‌ನೆಟ್ಟಿನಿಂದಲೂ ಬೇರ್ಪಡಿಸಿ, ದೂರದಿಂದ ರಿಪೇರಿ ಮಾಡುವವರಿಗೆ ಕೇಳಿದಾಗ ಮಾತ್ರ ಬಾಗಿಲು ತೆರೆಯಬೇಕು. ಎರಡನೆಯದಾಗಿ, ತೆರೆಯು ಸತ್ತರೂ ಕೈಯಿಂದ ನಡೆಯಿಸುವ ಏರ್ಪಾಡು ಇರಬೇಕು. ವರ್ಷಕ್ಕೆರಡು ಸಾರೆಯಾದರೂ ಅದರ ಅಭ್ಯಾಸವು ನಡೆಯಬೇಕು. ಚಕ್ರವನ್ನು ತಿರುಗಿಸಬಲ್ಲ ಹಳೆಯ ನೌಕರನು ನಿವೃತ್ತನಾದ ಬಳಿಕ ಆ ವಿದ್ಯೆಯೂ ಅವನೊಡನೆ ಹೊರಟುಹೋಗಬಾರದು.

ಇನ್ನು ಸ್ವದೇಶಿಯ ಮಾತು. ಈ ಪತ್ರಿಕೆಯು ಸ್ವದೇಶಿಯ ಪಕ್ಷಪಾತಿಯೆಂಬುದನ್ನು ವಾಚಕರು ಬಲ್ಲರು. ಅಷ್ಟರಿಂದಲೇ ದೊಡ್ಡ ಪರದೇಶದ ತಯಾರಕರ ಸರಕು ಕೆಟ್ಟದೆಂದು ನಾವು ಹೇಳುವುದಿಲ್ಲ. ದಶಕಗಳ ಅನುಭವವು ಅವುಗಳ ಹಿಂದೆ ಇದೆ, ಬಿಡಿಭಾಗಗಳೂ ಕುಶಲರೂ ಸಿಕ್ಕುತ್ತಾರೆ, ‘ಹೆಸರಾದುದನ್ನು ಕೊಂಡವನನ್ನು ಯಾರೂ ದೂರುವುದಿಲ್ಲ’ ಎಂಬ ಅಧಿಕಾರಿಗಳ ವಾದದಲ್ಲಿ ಸ್ವಲ್ಪ ಅರ್ಥವೂ ಇದೆ. ಆದರೆ ಸ್ವದೇಶಿಯೆಂದರೆ ಪೆಟ್ಟಿಗೆಯ ಮೇಲಣ ಚೀಟಿಯಲ್ಲ. ಇಲ್ಲಿಯೇ ಜೋಡಿಸಿ, ಒಳಗಿನ ಬೀಗವನ್ನು ಮಾತ್ರ ಬೇರೆಯವರ ಕೈಯಲ್ಲಿಟ್ಟ ಪೆಟ್ಟಿಗೆಯು ಪರದೇಶಿಯೇ. ಹೊರಗಿನಿಂದ ಬಂದರೂ ತೆರೆದ ಪದ್ಧತಿಯಲ್ಲಿ ಮಾತನಾಡಿ, ನಮ್ಮ ಹುಡುಗರು ಬಿಚ್ಚಿ ತಿದ್ದಬಹುದಾದುದು ಅರ್ಧ ಸ್ವದೇಶಿ. ಅಮೆರಿಕೆಯ ರಾಷ್ಟ್ರೀಯ ಪ್ರಯೋಗಶಾಲೆಗಳಲ್ಲಿ ಹುಟ್ಟಿದ ಎಪಿಕ್ಸ್ ಎಂಬ ನಿಯಂತ್ರಣ ತಂತ್ರಾಂಶವನ್ನು ಮೂಲಸಮೇತ ಜಗತ್ತಿಗೆ ಬಿಟ್ಟುಕೊಟ್ಟಿದ್ದಾರೆ. ಫ್ರಾನ್ಸಿನಲ್ಲಿ ಭಾರತವೂ ಪಾಲುದಾರನಾಗಿ ಕಟ್ಟುತ್ತಿರುವ ಐಟರ್ ಮಹಾಯಂತ್ರವು ಅದರ ಮೇಲೆಯೇ ನಿಂತಿದೆ. ಎಲ್ಲ ಕಾರಖಾನೆಗೂ ಅದು ತಕ್ಕುದೆಂದಲ್ಲ. ಮೂಲವನ್ನು ತೆರೆದಿಟ್ಟರೆ ಭದ್ರತೆ ಹಾಳಾಗುವುದೆಂಬ ಭಯಕ್ಕೆ ಅದು ಉತ್ತರವೆಂದು ಮಾತ್ರ.

ನಮ್ಮವರಲ್ಲಿ ಸಾಮರ್ಥ್ಯವಿಲ್ಲವೆಂಬ ಮಾತನ್ನಂತೂ ನಾವು ಸರ್ವಥಾ ಒಪ್ಪಲಾರೆವು. ಸರ್ ಎಂ. ವಿಶ್ವೇಶ್ವರಯ್ಯನವರು ರಚಿಸಿದ, ನೀರೇರಿದಂತೆ ತಾವಾಗಿ ತೆರೆದುಕೊಳ್ಳುವ ತೂಬುಬಾಗಿಲುಗಳನ್ನು ೧೯೦೩ರಲ್ಲಿ ಪುಣೆಯ ಬಳಿಯ ಖಡಕವಾಸಲದಲ್ಲಿ ಅಳವಡಿಸಿದರು. ಸ್ವಯಂಚಾಲನವೆಂಬ ಮಾತು ಈ ನಾಡಿನಲ್ಲಿ ಬಾಯಿಗೆ ಬರುವುದಕ್ಕೆ ಮುಂಚೆಯೇ ಕನ್ನಡಿಗನೊಬ್ಬನು ಅದನ್ನು ಕಬ್ಬಿಣದಲ್ಲಿ ಮಾಡಿ ತೋರಿಸಿದ್ದನು. ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆಯು ನಮ್ಮ ಅಣುವಿದ್ಯುತ್ ಸ್ಥಾವರಗಳಿಗೆ ನಿಯಂತ್ರಣ ಸಾಧನಗಳನ್ನು ಒದಗಿಸುತ್ತಿದೆ. ಬೆಂಗಳೂರಿನ ಮೈಸೂರು ರಸ್ತೆಯ ಬಿ.ಎಚ್.ಇ.ಎಲ್. ವಿಭಾಗವು ವಿದ್ಯುದಾಗಾರಗಳ ನಿಯಂತ್ರಣ ಸಾಧನಗಳನ್ನು ತಯಾರಿಸುತ್ತಿದೆ. ಜಗತ್ತಿನ ಅರ್ಧ ಕಂಪನಿಗಳ ತಂತ್ರಾಂಶವನ್ನು ಬರೆಯುವ ಊರಿನಲ್ಲಿ ನಮ್ಮ ಪುರಸಭೆಯ ಪಂಪಿನ ತೆರೆಯನ್ನು ತಿದ್ದುವವರಿಲ್ಲವೆಂದರೆ, ಅದು ಶಕ್ತಿಯ ಅಭಾವವಲ್ಲ, ಸಂಕಲ್ಪದ ಅಭಾವ.

ಆದುದರಿಂದ ನಮ್ಮ ಸೂಚನೆಗಳು ಇವು. ಸರಕಾರದವರು ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸುವ ಮಾದರಿ ಷರತ್ತುಗಳನ್ನು ಪ್ರಕಟಿಸಬೇಕು. ತೆರೆದ ಪದ್ಧತಿ, ಮೂಲಕಡತ ಪಾಸ್‌ವರ್ಡುಗಳ ಒಪ್ಪಿಸುವಿಕೆ, ಅಲಾರಮಿನ ಮಿತಿ, ಕನ್ನಡದ ತೆರೆ, ಕೈಚಾಲನೆಯ ಏರ್ಪಾಡು, ಹದಿನೈದು ವರ್ಷಗಳ ಒಟ್ಟು ಬೆಲೆ ಇವು ಅದರಲ್ಲಿ ಇರಲೇಬೇಕು. ಮೇಲ್ವಿಚಾರಣೆಯ ಆಯ್ಕೆಯನ್ನು ಗುತ್ತಿಗೆದಾರನಿಗೆ ಬಿಡದೆ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಆ ಪರೀಕ್ಷೆಯ ಸಮಿತಿಯಲ್ಲಿ ಇಂಜಿನಿಯರರ ಜೊತೆಗೆ ರಾತ್ರಿಯ ಪಾಳಿಯ ನೌಕರನೊಬ್ಬನನ್ನೂ ಕೂರಿಸಬೇಕು. ಪಾಲಿಟೆಕ್ನಿಕ್ಕುಗಳೂ ಐ.ಟಿ.ಐ.ಗಳೂ ಒಂದೇ ತಯಾರಕನ ಸರಕಿನ ಮೇಲೆ ಹುಡುಗರನ್ನು ಪಳಗಿಸದೆ, ತತ್ತ್ವವನ್ನು ಕಲಿಸಬೇಕು. ಖಾಸಗಿ ಕಾರಖಾನೆದಾರರು ಇದಾವುದಕ್ಕೂ ಸರಕಾರದ ದಾರಿಯನ್ನು ನೋಡಬೇಕಾಗಿಲ್ಲ. ನಾಳಿನ ಖರೀದಿಯಲ್ಲಿಯೇ ಈ ಪ್ರಶ್ನೆಗಳನ್ನು ಕೇಳಬಹುದು.

ನಾವು ಪರರ ಆಳ್ವಿಕೆಯನ್ನು ಕಳಚಿಕೊಂಡುದು ೧೯೪೭ರಲ್ಲಿ. ಆಳ್ವಿಕೆಯು ಧ್ವಜದ ರೂಪದಲ್ಲಿ ಮಾತ್ರ ಬರುವುದಿಲ್ಲ. ನಮ್ಮ ಊರಿನ ತೂಬನ್ನು ತೆರೆಯಲು ದೂರದ ಯಾರದೋ ಅಪ್ಪಣೆಯು ಬೇಕಾಗಿ ಬಂದಾಗಲೂ ಅದು ಬಂದಂತೆಯೇ. ಯಂತ್ರವು ಬೇಡವೆಂದು ನಾವು ಹೇಳುತ್ತಿಲ್ಲ. ಯಂತ್ರದ ಕೀಲಿಕೈಯು ನಮ್ಮ ಸೊಂಟದಲ್ಲಿರಬೇಕೆಂದು ಹೇಳುತ್ತಿದ್ದೇವೆ. ಮುಂದಿನ ಟೆಂಡರಿನ ಕಾಗದವು ಅಚ್ಚಾಗುವುದಕ್ಕೆ ಮುಂಚೆ ನಮ್ಮ ನಗರಸಭೆಗಳ ಸದಸ್ಯರು ಈ ಒಂದು ಪ್ರಶ್ನೆಯನ್ನು ಸಭೆಯಲ್ಲಿ ಎದ್ದುನಿಂತು ಕೇಳುವರೆಂದು ನಂಬುತ್ತೇವೆ.